ಗಡಿಯ ಯುದ್ಧ, ಗಲ್ಲಿಯ ಲೆಕ್ಕ

ಈ ಸಲದ ಗಣರಾಜ್ಯೋತ್ಸವಕ್ಕೆ ಚೆಂಬೂರಿನ ಒಂದು ಸಣ್ಣ ಸಭಾಂಗಣದಲ್ಲಿ ಮುಕ್ಕಾಲು ಗಂಟೆ ಮಾತಾಡಿದೆ. ಎಳೆಯ ಗಣರಾಜ್ಯವೊಂದು ರೂಪುಗೊಳ್ಳುವಾಗ ಅದರಲ್ಲಿ ಯುದ್ಧದ ಪಾಲೆಷ್ಟು, ರಾಜಕಾರಣದ ಪಾಲೆಷ್ಟು ಎಂಬುದು ವಿಷಯ. ಅಮೆರಿಕದಿಂದ ಹೊರಟು ಟ್ರಾಂಬೆಗೆ ಬಂದು ನಿಂತೆ. ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಮೊದಲೇ ತಕರಾರು ಶುರುವಾಯಿತು. ಆಮೇಲೆ ಫೋನುಗಳು ಬಂದವು, ಒಬ್ಬ ಹಿರಿಯರಿಂದ ನಾಲ್ಕು ಪುಟದ ಕಾಗದವೂ ಬಂತು. ಈ ಕಾಲದಲ್ಲಿ ಕೈಬರಹದಲ್ಲಿ ನಾಲ್ಕು ಪುಟ ಬೈಯುವವರು ಸಿಗುವುದು ಭಾಗ್ಯ. ಅದಕ್ಕೇ ಉತ್ತರವನ್ನು ಬಾಯಲ್ಲಿ ಮುಗಿಸದೆ ಬರೆಯುತ್ತಿದ್ದೇನೆ.

ನಾನು ಹೇಳಿದ್ದು ಇಷ್ಟು. ಯುದ್ಧ ಮುಗಿದ ಮೇಲೂ ಅದು ತಂದ ಸಾಲ, ಕಾನೂನು, ನಿರಾಶ್ರಿತರು ಮುಗಿಯುವುದಿಲ್ಲ. ಆ ಹೊರೆಯನ್ನು ಯಾರು ಹೊರಬೇಕು, ಎಷ್ಟು ದಿನ ಹೊರಬೇಕು ಎಂದು ನಡೆಯುವ ಜಗಳಕ್ಕೆ ರಾಜಕಾರಣ ಎಂದು ಹೆಸರು. ಹೊಸ ಗಣರಾಜ್ಯ ಮೈ ಕೈ ಬೆಳೆಸಿಕೊಳ್ಳುವುದು ಆ ಜಗಳದಲ್ಲಿ.

ಕಾಗದದ ಮೊದಲ ಆಕ್ಷೇಪ ಇದು: "ಅಮೆರಿಕ ಯುದ್ಧದಿಂದ ಹುಟ್ಟಿದ ದೇಶ, ನಮ್ಮದು ಅಹಿಂಸೆಯಿಂದ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದು ತಪ್ಪು."

ಹುಟ್ಟು ಬೇರೆ ಎಂದು ನಾನೂ ಒಪ್ಪುತ್ತೇನೆ. ಆದರೆ ತೊಟ್ಟಿಲು ಎಲ್ಲಿತ್ತು ನೋಡಿ. ನಮ್ಮ ಸಂವಿಧಾನ ಸಭೆ ಕೂತದ್ದು 1946ರ ಡಿಸೆಂಬರಿನಲ್ಲಿ. ಎರಡನೆಯ ಮಹಾಯುದ್ಧದ ರೇಷನ್ ಕಾರ್ಡು ಆಗ ಇನ್ನೂ ಮುಂಬೈಯ ಪ್ರತಿ ಮನೆಯಲ್ಲಿತ್ತು. ಸಭೆ ಕಲಮು ಕಲಮು ಚರ್ಚಿಸುತ್ತಿದ್ದಾಗ ಪಂಜಾಬು ಹೊತ್ತಿ ಉರಿದಿತ್ತು, ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು. ಅಲ್ಲಿ ಕದನವಿರಾಮ ಆದದ್ದು 1949ರ ಜನವರಿ 1ಕ್ಕೆ. ನಡುವೆ 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು. ಸೈನ್ಯ ಕಳಿಸಿ ಅದನ್ನು 'ಪೊಲೀಸ್ ಕಾರ್ಯಾಚರಣೆ' ಎಂದು ಕರೆದರೆ ಯುದ್ಧವಲ್ಲ ಎಂದಾಗುತ್ತದೆಯೇ? ಕಲಬುರಗಿ, ಬೀದರ್, ರಾಯಚೂರು ಇಂದು ಕರ್ನಾಟಕದಲ್ಲಿರುವುದರ ಹಿಂದೆ ಆ ಐದು ದಿನಗಳಿವೆ.

ಇದರ ಗುರುತು ಸಂವಿಧಾನದ ಮೈಮೇಲೇ ಇದೆ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು ಸಂವಿಧಾನ ಸಭೆಯ ಸಲಹೆಗಾರರಾಗಿ 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರಿಗೆ ಕೊಟ್ಟ ಸಲಹೆ ಒಂದು ವಿಚಿತ್ರ ಉಡುಗೊರೆ: ನಮ್ಮ ಸಂವಿಧಾನದಲ್ಲಿರುವ 'ಡ್ಯೂ ಪ್ರೊಸೆಸ್' ಎಂಬ ಮಾತನ್ನು ನೀವು ಎತ್ತಿಕೊಳ್ಳಬೇಡಿ, ಅದು ಕೆಲವೇ ನ್ಯಾಯಾಧೀಶರ ಕೈಗೆ ಶಾಸನಸಭೆಯ ಜುಟ್ಟು ಕೊಡುತ್ತದೆ. ಕರಡಿನಿಂದ ಆ ಮಾತು ಹೋಯಿತು, 'ಕಾನೂನು ವಿಧಿಸಿದ ಕ್ರಮ' ಬಂತು. ದೇಶ ಹೊತ್ತಿ ಉರಿಯುವಾಗ ಸರ್ಕಾರದ ಕೈ ಕಟ್ಟಬಾರದು ಎಂಬ ಭಯ ಆಗ ಹಲವರಲ್ಲಿ ಇತ್ತು. ಸಂವಿಧಾನ ಜಾರಿಯಾದ ಮರುತಿಂಗಳೇ, 1950ರ ಫೆಬ್ರವರಿಯಲ್ಲಿ, ವಿಚಾರಣೆಯಿಲ್ಲದೆ ಹಿಡಿದಿಡುವ ಕಾಯ್ದೆ ಬಂತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಿ ಸೋತವರು ಎ.ಕೆ. ಗೋಪಾಲನ್. ಅದೇ ಗೋಪಾಲನ್ 1957ರಲ್ಲಿ ನಮ್ಮ ಕಾಸರಗೋಡಿನಿಂದ ಲೋಕಸಭೆಗೆ ಗೆದ್ದು ಹೋದರು. ಮಂಗಳೂರಿನವರೊಬ್ಬರು ಅಮೆರಿಕದಿಂದ ತಂದ ಸಲಹೆ, ಕಾಸರಗೋಡಿನ ಸಂಸದರಾಗಲಿದ್ದವರ ಜೈಲು. ಇವೆರಡರ ನಡುವಿನ ದಾರಿಯನ್ನು ಅಹಿಂಸೆಯ ಕಥೆಯಲ್ಲಿ ಎಲ್ಲಿ ಸೇರಿಸುತ್ತೀರಿ?

ಎಚ್.ವಿ. ಕಾಮತರ ಹೆಸರನ್ನೂ ಇಲ್ಲಿ ಹೇಳಬೇಕು. ಅವರೂ ಹುಟ್ಟಿದ್ದು ಮಂಗಳೂರಿನಲ್ಲೇ. ತುರ್ತು ಪರಿಸ್ಥಿತಿಯ ಕಲಮುಗಳು ಬಂದಾಗ, ಜರ್ಮನಿಯ ವೈಮಾರ್ ಸಂವಿಧಾನಕ್ಕೆ ಇಂಥದ್ದೇ ಕಲಮಿನಿಂದ ಏನಾಯಿತು ನೆನಪಿಸಿಕೊಳ್ಳಿ ಎಂದು ಸಭೆಯಲ್ಲಿ ಕೂಗಿ ಹೇಳಿದವರು. ಕೇಳಿದವರು ಕಡಿಮೆ.

ಇನ್ನು ತಕ್ಕಡಿಯ ಮಾತು. ಅಮೆರಿಕದ ಯುದ್ಧವೂ ನಮ್ಮ ನಾಡೂ ಅಷ್ಟೊಂದು ದೂರದವೇ? ಫ್ರಾನ್ಸು ಅಮೆರಿಕನ್ನರ ಪರ ಯುದ್ಧಕ್ಕಿಳಿಯಿತು ಎಂಬ ಕಾರಣಕ್ಕೆ ಇಂಗ್ಲಿಷರು 1779ರಲ್ಲಿ ಫ್ರೆಂಚರ ಮಾಹೆ ಬಂದರನ್ನು ಕಿತ್ತುಕೊಂಡರು. ಮಾಹೆ ತನ್ನ ರಕ್ಷಣೆಯಲ್ಲಿದೆ ಎಂದು ಹೈದರ್ ಅಲಿ ಕೆರಳಿದ. ಮರುವರ್ಷ ಎರಡನೆಯ ಮೈಸೂರು ಯುದ್ಧ. ಅದು ಮುಗಿದದ್ದು 1784ರ ಮಂಗಳೂರು ಒಪ್ಪಂದದಲ್ಲಿ. ಅತ್ತ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ 'ಹೈದರ್ ಆಲಿ' ಎಂದೇ ಹೆಸರಿಟ್ಟಿದ್ದರು. 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಅದು ಬ್ರಿಟಿಷರ 'ಜನರಲ್ ಮಂಕ್' ಹಡಗನ್ನು ಸೆರೆಹಿಡಿಯಿತು. ಯಾರ್ಕ್‌ಟೌನಿನಲ್ಲಿ ಸೋತು ಶರಣಾದ ಕಾರ್ನ್‌ವಾಲಿಸ್ ಹತ್ತು ವರ್ಷದ ಮೇಲೆ, 1792ರಲ್ಲಿ, ಶ್ರೀರಂಗಪಟ್ಟಣದ ಬಾಗಿಲಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದ. ತಕ್ಕಡಿಯನ್ನು ನಾನು ತರಲಿಲ್ಲ, ಸ್ವಾಮಿ, ಆಗಲೇ ಅಲ್ಲಿತ್ತು.

ಎರಡನೆಯ ಆಕ್ಷೇಪ ಊರಿನ ಅಭಿಮಾನದ್ದು. "ಚೆಂಬೂರಿಗೆ ಯಾವ ಯುದ್ಧ? ಇದು ದುಡಿದು ತಿನ್ನುವವರು ಕಟ್ಟಿದ ಊರು."

ದುಡಿದದ್ದು ನಿಜ. ಯಾವ ನೆಲದ ಮೇಲೆ? ಸ್ಟೇಷನ್ನಿನಿಂದ ಕ್ಯಾಂಪ್ ಕಡೆ ನಡೆದು ನೋಡಿ. 'ಕ್ಯಾಂಪ್' ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ರಿಕ್ಷಾದವನಿಗೆ ಹೇಳುತ್ತೇವೆಂದರೆ ಅದರ ಅರ್ಥವೇ ಸವೆದುಹೋಗಿದೆ. ದೇಶ ಒಡೆದಾಗ ಕರಾಚಿ, ಹೈದರಾಬಾದ್ ಸಿಂಧ್ ಕಡೆಯಿಂದ ಬರಿಗೈಲಿ ಬಂದ ಸಿಂಧಿಗಳನ್ನು ಇಳಿಸಿದ ಶಿಬಿರ ಅದು. ಬೆಳಿಗ್ಗೆ ಅಲ್ಲಿ ದಾಲ್ ಪಕ್ವಾನ್ ತಿನ್ನುವ ನಮಗೆ ಅದು ಭಾನುವಾರದ ಚಪಲ. ಅವರಿಗೆ ಬಿಟ್ಟುಬಂದ ಊರಿನಿಂದ ಉಳಿದದ್ದು ಅದೊಂದೇ ಎಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ, ಅಲ್ಲಿಯ ಸಹಪಾಠಿಯೊಬ್ಬನ ಮನೆಯಲ್ಲಿ. ಅವನ ಅಜ್ಜಿ ಬೀಗವಿಲ್ಲದ ಒಂದು ಬೀಗದಕೈಯನ್ನು ದೇವರ ಗೂಡಿನಲ್ಲಿಟ್ಟು ದಿನಾ ಒರೆಸುತ್ತಿದ್ದಳು. ಯಾವ ಬಾಗಿಲಿನದು ಎಂದು ನಾನು ಕೇಳಲಿಲ್ಲ. ಪೇಶಾವರದಲ್ಲಿ ಹುಟ್ಟಿದ ರಾಜ್ ಕಪೂರ್ ಆರ್.ಕೆ. ಸ್ಟುಡಿಯೋ ಹಾಕಿದ್ದೂ ಇದೇ ಊರಿನಲ್ಲಿ, 1948ರಲ್ಲಿ.

ಈಗ ಟ್ರಾಂಬೆ. ಅಣುಶಕ್ತಿ ಕಾಯ್ದೆ ಬಂದದ್ದು 1948ರಲ್ಲಿ, ಹಿರೋಷಿಮಾ ಕಳೆದು ಮೂರು ವರ್ಷಕ್ಕೆ. ಆ ಮಸೂದೆಯಲ್ಲಿ ಎಲ್ಲವೂ ಗುಟ್ಟು. ಸಂವಿಧಾನ ಸಭೆಯಲ್ಲಿ ಎದ್ದುನಿಂತು ಕೇಳಿದವರು ಮೈಸೂರಿನ ಪ್ರತಿನಿಧಿ ಎಸ್.ವಿ. ಕೃಷ್ಣಮೂರ್ತಿ ರಾವ್. ಬ್ರಿಟನ್ನಿನ, ಅಮೆರಿಕದ ಕಾನೂನುಗಳನ್ನು ಪಕ್ಕದಲ್ಲಿಟ್ಟು, ಶಾಂತಿಯ ಬಳಕೆಯ ಸಂಶೋಧನೆಗೂ ಇಷ್ಟು ಗುಟ್ಟು ಯಾಕೆ ಎಂದರು. ಶಾಂತಿಯ ಬಳಕೆ, ಯುದ್ಧದ ಬಳಕೆ ಎರಡನ್ನೂ ಹೇಗೆ ಬೇರ್ಪಡಿಸುವುದೋ ತಮಗೆ ತಿಳಿಯದು ಎಂಬರ್ಥದಲ್ಲಿ ನೆಹರೂ ಉತ್ತರ ಕೊಟ್ಟರು. ಆ ಪ್ರಾಮಾಣಿಕತೆ ಈಗ ಅಪರೂಪ. 1954ರ ಜನವರಿಯಲ್ಲಿ ಟ್ರಾಂಬೆಯ ಅಣುಶಕ್ತಿ ಸಂಸ್ಥೆ ಶುರು, 1956ರ ಆಗಸ್ಟಿನಲ್ಲಿ 'ಅಪ್ಸರಾ' ರಿಯಾಕ್ಟರು, 1960ರಲ್ಲಿ ಕೆನಡಾದ ನೆರವಿನ, ಅಮೆರಿಕದ ಭಾರಜಲದ 'ಸೈರಸ್'. ಶಾಂತಿಗಾಗಿ ಎಂದು ಬಂದ ಆ ಸೈರಸ್‌ನ ಪ್ಲುಟೋನಿಯಂ 1974ರ ಮೇ 18ರಂದು ಪೋಖ್ರಾನಿನಲ್ಲಿ ಸಿಡಿಯಿತು. ಆಗ ಇಲ್ಲಿನ ಕೇಂದ್ರದ ನಿರ್ದೇಶಕರು ತುಮಕೂರು ಸೀಮೆಯ ರಾಜಾ ರಾಮಣ್ಣ. ಕೃಷ್ಣಮೂರ್ತಿ ರಾಯರ ಪ್ರಶ್ನೆಗೆ ಉತ್ತರ ಸಿಗಲು ಇಪ್ಪತ್ತಾರು ವರ್ಷ ಹಿಡಿಯಿತು; ಪ್ರಶ್ನೆಯೂ ಕನ್ನಡಿಗನದು, ಉತ್ತರವೂ ಕನ್ನಡಿಗನದು, ನಡುವಿನ ನೆಲ ಚೆಂಬೂರಿನ ಹಿತ್ತಲಿನದು.

ಮಾಹುಲ್ ಕಡೆಯ ತೈಲಾಗಾರಗಳೂ ಅಷ್ಟೇ. ಅಬಾದಾನಿನ ತೈಲವನ್ನು ಇರಾನು ರಾಷ್ಟ್ರೀಕರಣ ಮಾಡಿ ಜಗತ್ತೆಲ್ಲ ಗಾಬರಿಯಾದ ವರ್ಷ 1951. ನಮ್ಮ ಸರ್ಕಾರ ಅಮೆರಿಕದ ಸ್ಟ್ಯಾನ್‌ವ್ಯಾಕ್ ಜೊತೆಗೂ ಬರ್ಮಾ ಶೆಲ್ ಜೊತೆಗೂ ಒಪ್ಪಂದ ಮಾಡಿಕೊಂಡದ್ದು ಅದೇ ವರ್ಷದ ಕೊನೆಗೆ. 1954, 1955ರಲ್ಲಿ ಎರಡೂ ಶುರುವಾದವು. ಆ ಚಿಮಣಿಯ ಬೆಂಕಿ ನಮ್ಮ ಬಾಲ್ಯದ ದೀಪಸ್ತಂಭ. 1971ರ ಡಿಸೆಂಬರಿನಲ್ಲಿ ಬ್ಲ್ಯಾಕೌಟ್ ಎಂದು ಅಪ್ಪ ಕಿಟಕಿಯ ಗಾಜಿಗೆ ಕಂದು ಕಾಗದ ಅಂಟಿಸುತ್ತಿದ್ದರು. ಮೈದಾ ಕುದಿಸಿದ ಅಂಟು. ಅಮ್ಮ ತಟ್ಟೆ ಹಿಡಿದು ನಿಂತಿದ್ದಳು. ನಾನು, ಒಂಬತ್ತು ವರ್ಷದವನು, ಮಾಹುಲ್ ಕಡೆ ಕೈ ತೋರಿಸಿ, ಆ ಬೆಂಕಿಗೆ ಯಾರು ಕಾಗದ ಅಂಟಿಸುತ್ತಾರೆ ಎಂದು ಕೇಳಿದೆ. ಅಪ್ಪ ಉತ್ತರ ಕೊಡಲಿಲ್ಲ, ಅಂಟು ಒಣಗುತ್ತದೆ, ಬೇಗ ಕೊಡು ಎಂದರು. ಚೆಂಬೂರಿಗೆ ಯಾವ ಯುದ್ಧ ಎಂದು ಕೇಳಿದ ಹಿರಿಯರು ಆ ವಾರ ಇಲ್ಲಿದ್ದರೋ, ಊರಿಗೆ ಹೋಗಿದ್ದರೋ.

ಮೂರನೆಯದು ಎಲ್ಲರ ಬಾಯಲ್ಲೂ ಬಂದ ಮಾತು: "ಯುದ್ಧ ಒಗ್ಗೂಡಿಸುತ್ತದೆ, ರಾಜಕೀಯ ಒಡೆಯುತ್ತದೆ." ಕೇಳಲು ಇಂಪಾಗಿದೆ. ಲೆಕ್ಕ ನೋಡೋಣ.

1962ರ ಚೀನಾ ಯುದ್ಧ ಸುಮಾರು ಒಂದು ತಿಂಗಳು ನಡೆಯಿತು. ಅದಕ್ಕೆಂದು ಘೋಷಿಸಿದ ತುರ್ತು ಪರಿಸ್ಥಿತಿ 1968ರ ಜನವರಿಯವರೆಗೆ, ಅಂದರೆ ಐದು ವರ್ಷಕ್ಕೂ ಮಿಕ್ಕಿ. 1971ರ ಯುದ್ಧ ಹದಿಮೂರು ದಿನ. ಅದರ ತುರ್ತು ಪರಿಸ್ಥಿತಿ 1977ರ ಮಾರ್ಚಿನವರೆಗೆ. 1975ರ ಜೂನ್ 25ರ ರಾತ್ರಿ ಇಂದಿರಾ ಗಾಂಧಿ ಹೊಸದೊಂದನ್ನು ಹೇರಿದಾಗ ಹಳೆಯದು ಇನ್ನೂ ಜೀವಂತವಾಗಿತ್ತು ಎಂಬುದು ಎಷ್ಟು ಜನಕ್ಕೆ ನೆನಪಿದೆ? ಜನರನ್ನು ಹಿಡಿದು ಹಾಕಿದ 'ಮೀಸಾ' ಕಾಯ್ದೆಯೂ 1971ರ ಬೆಳೆಯೇ. 'ಸಂಸ್ಕಾರ' ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ, ಬೆಂಗಳೂರಿನ ಜೈಲಿನಲ್ಲಿ ತಿಂಗಳುಗಟ್ಟಲೆ ಆಸ್ತಮಾದಲ್ಲಿ ನರಳಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿ 20ರಂದು ತೀರಿಹೋದರು. ಯುದ್ಧ ಯಾರನ್ನು ಒಗ್ಗೂಡಿಸಿತ್ತು?

ಎಳೆಯ ಅಮೆರಿಕವೂ ಇದೇ ಎಡವಟ್ಟು ಮಾಡಿತ್ತು. 1798ರಲ್ಲಿ ಫ್ರಾನ್ಸಿನ ಜೊತೆ ಯುದ್ಧದ ಗುಮ್ಮ ತೋರಿಸಿ, ಸರ್ಕಾರವನ್ನು ಟೀಕಿಸಿದವರನ್ನು ಒಳಗೆ ಹಾಕುವ ಕಾಯ್ದೆ ತಂದರು. ವರ್ಮಾಂಟಿನ ಕಾಂಗ್ರೆಸ್ ಸದಸ್ಯ ಮ್ಯಾಥ್ಯೂ ಲಯನ್ ಅಧ್ಯಕ್ಷ ಆಡಮ್ಸ್‌ನನ್ನು ಹಂಗಿಸಿ ಬರೆದದ್ದಕ್ಕೆ ನಾಲ್ಕು ತಿಂಗಳು ಜೈಲು. ಅಲ್ಲಿನ ಮತದಾರರು ಅವನನ್ನು ಜೈಲಿನಿಂದಲೇ ಮತ್ತೆ ಆರಿಸಿ ಕಳಿಸಿದರು. ನಮಗೆ ಪರಿಚಯದ ಕಥೆಯಲ್ಲವೇ? 1977ರಲ್ಲಿ ಮುಜಫ್ಫರ್‌ಪುರದ ಜನ ಜೈಲಿನಲ್ಲಿದ್ದ ಮಂಗಳೂರಿನ ಜಾರ್ಜ್ ಫರ್ನಾಂಡಿಸರನ್ನು ಗೆಲ್ಲಿಸಿದರು. ಯುದ್ಧದ ಹೆಸರಿನಲ್ಲಿ ಎತ್ತಿಕೊಂಡ ಅಧಿಕಾರವನ್ನು ಎರಡೂ ಕಡೆ ಕಿತ್ತು ವಾಪಸು ಇಟ್ಟದ್ದು ನೀವು ಹೀಯಾಳಿಸುವ ಈ ರಾಜಕಾರಣವೇ, ಮತಪೆಟ್ಟಿಗೆಯೇ. ಆಡಮ್ಸ್‌ನ ಪಕ್ಷ 1800ರಲ್ಲಿ ಸೋತಿತು, ಮತ್ತೆ ಏಳಲಿಲ್ಲ.

ಒಡೆಯುವುದರ ಬಗ್ಗೆಯೂ ಒಂದು ಮಾತು. ಭಾಷಾವಾರು ಪ್ರಾಂತ ಕೇಳಿದಾಗ ದೇಶದ ಏಕತೆ, ಭದ್ರತೆ ಮೊದಲು ಎಂದು 1948ರಲ್ಲಿ ಧರ್ ಆಯೋಗ, 1949ರಲ್ಲಿ ನೆಹರೂ–ಪಟೇಲ್–ಪಟ್ಟಾಭಿ ಸಮಿತಿ ಕೈಚೆಲ್ಲಿದವು. ವಿಭಜನೆಯ, ಕಾಶ್ಮೀರದ ಹೆದರಿಕೆ ಅದರ ಬೆನ್ನಿಗಿತ್ತು. ಆಮೇಲೆ ಆಂಧ್ರಕ್ಕಾಗಿ ಉಪವಾಸ ಕೂತ ಪೊಟ್ಟಿ ಶ್ರೀರಾಮುಲು ಸತ್ತರು, ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಕೂತರು. 1956ರ ನವೆಂಬರ್ 1ಕ್ಕೆ ಬೆಳಗಾವಿ, ಬಿಜಾಪುರ, ಧಾರವಾಡ, ಕಾರವಾರ ಮುಂಬೈ ಸರ್ಕಾರದಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿದವು, ಕಾಸರಗೋಡು ಕೈತಪ್ಪಿತು. ದೇಶ ಒಡೆಯಿತೇ? ಅಮೆರಿಕದಲ್ಲೂ ಯುದ್ಧದ ಸಾಲ ಯಾರು ತೀರಿಸಬೇಕು ಎಂದು ಉತ್ತರ ದಕ್ಷಿಣದ ರಾಜ್ಯಗಳು ಕಿತ್ತಾಡಿ, 1790ರಲ್ಲಿ ಹ್ಯಾಮಿಲ್ಟನ್ನಿಗೆ ಸಾಲದ ಯೋಜನೆ, ದಕ್ಷಿಣದವರಿಗೆ ಪೊಟೊಮ್ಯಾಕ್ ದಡದ ರಾಜಧಾನಿ ಎಂದು ಚೌಕಾಸಿ ಮುಗಿಸಿದರು. ವಾಷಿಂಗ್ಟನ್ ನಗರ ಒಂದು ಕೊಡು-ಕೊಳ್ಳುವ ವ್ಯವಹಾರ, ನಮ್ಮ ಮೈಸೂರು ರಾಜ್ಯದಂತೆಯೇ.

ಒಂದು ರಿಯಾಯಿತಿ ಕೊಡುತ್ತೇನೆ. 1962ರ ಯುದ್ಧ ಬಂದಾಗ ಅಣ್ಣಾದುರೈ ಪ್ರತ್ಯೇಕ ದ್ರಾವಿಡನಾಡಿನ ಬೇಡಿಕೆ ಬಿಟ್ಟರು. ಆ ಮಟ್ಟಿಗೆ ಯುದ್ಧ ಒಗ್ಗೂಡಿಸಿದ್ದು ಹೌದು. ಅದರ ಜೊತೆಗೇ ಮುಂಬೈಯ ಲೆಕ್ಕವನ್ನೂ ಬರೆದುಕೊಳ್ಳಿ. 1962ರ ಫೆಬ್ರವರಿಯಲ್ಲಿ ಉತ್ತರ ಮುಂಬೈಯಿಂದ ಆಚಾರ್ಯ ಕೃಪಲಾನಿಯವರನ್ನು ಭಾರೀ ಅಂತರದಲ್ಲಿ ಸೋಲಿಸಿದ ರಕ್ಷಣಾ ಸಚಿವ ಕೃಷ್ಣ ಮೆನನ್, ನವೆಂಬರಿನಲ್ಲಿ ಯುದ್ಧದ ಹೊಡೆತಕ್ಕೆ ಕುರ್ಚಿ ಬಿಟ್ಟರು. ಅವರ ಜಾಗಕ್ಕೆ ದಿಲ್ಲಿಗೆ ಹೋದವರು ಇಲ್ಲಿಯ ಮುಖ್ಯಮಂತ್ರಿ ಯಶವಂತರಾವ್ ಚವಾಣ್. 1967ರಲ್ಲಿ ಮೆನನ್ ಮುಂಬೈ ಈಶಾನ್ಯದಿಂದ ಪಕ್ಷೇತರರಾಗಿ ನಿಂತಾಗ, ಹುಟ್ಟಿ ವರ್ಷವೂ ತುಂಬದ ಶಿವಸೇನೆ ಅವರು ದಕ್ಷಿಣದವರೆಂಬುದನ್ನೇ ಹಿಡಿದುಕೊಂಡಿತು. ಮೆನನ್ ಕಾಂಗ್ರೆಸ್ಸಿನ ಬರ್ವೆಯವರೆದುರು ಸೋತರು, ಬರ್ವೆ ತೀರಿಕೊಂಡು ಉಪಚುನಾವಣೆ ಬಂದಾಗ ಅವರ ಸೋದರಿ ತಾರಾ ಸಪ್ರೆಯವರೆದುರೂ ಸೋತರು. ಅದೇ ಗಾಳಿಯಲ್ಲಿ ಉಡುಪಿ ಹೋಟೆಲುಗಳ ಗಾಜೂ ಒಡೆದವು. 1965ರಲ್ಲಿ ಒಟ್ಟಿಗೆ ಜೈ ಜವಾನ್ ಎಂದಿದ್ದ ಬೀದಿಯಲ್ಲೇ.

ನಾಲ್ಕನೆಯ ಆಕ್ಷೇಪ ನನ್ನ ಮಿತ್ರರೊಬ್ಬರದು, ನಿವೃತ್ತ ಬ್ಯಾಂಕ್ ಅಧಿಕಾರಿ. "ನಾವು ಮುಂಬೈ ಕನ್ನಡಿಗರು ರಾಜಕೀಯದಿಂದ ದೂರ ಇದ್ದೆವು, ಅದಕ್ಕೇ ಉಳಿದೆವು." ಮಾರಾಯ್ರೇ, ನಿಮ್ಮ ಬ್ಯಾಂಕು ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲಿ. ಎರಡು ಯುದ್ಧ, ಎರಡು ಬರ, 1966ರ ರೂಪಾಯಿ ಅಪಮೌಲ್ಯ ಎಲ್ಲ ಸೇರಿ ಕಾಂಗ್ರೆಸ್ಸನ್ನು ಸೀಳುವ ಹೊತ್ತಿಗೆ, 1969ರ ಜುಲೈಯಲ್ಲಿ, ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅದರ ಅಧಿವೇಶನ ನಡೆಯಿತು. ಅಧ್ಯಕ್ಷರು ನಮ್ಮ ನಿಜಲಿಂಗಪ್ಪ. ಇಂದಿರಾ ಮತ್ತು 'ಸಿಂಡಿಕೇಟ್' ಎನಿಸಿಕೊಂಡಿದ್ದ ಪಕ್ಷದ ಹಿರಿಯರ ನಡುವೆ ಅಲ್ಲಿ ಶುರುವಾದ ಹಗ್ಗಜಗ್ಗಾಟದಲ್ಲಿ ಜುಲೈ 19ಕ್ಕೆ 14 ಬ್ಯಾಂಕುಗಳು ರಾಷ್ಟ್ರೀಕರಣವಾದವು, ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಎರಡೂ ಸೇರಿ. ರಾಜಕೀಯ ನಿಮ್ಮ ಖಾತೆಗೆ ತಿಂಗಳ ಕೊನೆಗೆ ಪಿಂಚಣಿ ಜಮಾ ಮಾಡುತ್ತಿದೆ. ದೂರ ಇದ್ದದ್ದು ಯಾರು?

ಇನ್ನು ನನ್ನದೇ ತಪ್ಪು. 1815ರ ಜನವರಿಯ ನ್ಯೂ ಆರ್ಲಿಯನ್ಸ್ ಕದನ ಅಮೆರಿಕಕ್ಕೆ ಬ್ರಿಟನ್ ಮೇಲಿನ ಯುದ್ಧ ಗೆದ್ದುಕೊಟ್ಟಿತು ಎಂದುಬಿಟ್ಟಿದ್ದೆ. ಹಿಂದಿನ ಸಾಲಿನಿಂದ ಶಾಲೆಯ ಹುಡುಗನೊಬ್ಬ ಎದ್ದು, ಒಪ್ಪಂದ 1814ರ ಡಿಸೆಂಬರ್ 24ಕ್ಕೇ ಸಹಿಯಾಗಿತ್ತಲ್ಲ ಅಂಕಲ್, ಎಂದ. ಹೌದು. ಗೆಂಟ್ ನಗರದಿಂದ ಸುದ್ದಿ ಹಡಗಿನಲ್ಲಿ ಬರಬೇಕಿತ್ತು. ಅಷ್ಟರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಕಡಿದಾಡಿ ಮುಗಿಸಿದ್ದರು. ಹುಡುಗನಿಗೆ ನನ್ನ ತಟ್ಟೆಯ ಕೇಸರಿಬಾತು ಕೊಟ್ಟೆ. ಕೊಡುತ್ತಾ ಇದನ್ನೂ ಹೇಳಿದೆ: ಯುದ್ಧಕ್ಕೆ ಬೇಡವಾಗಿದ್ದ ಆ ಕದನವೇ ಆಂಡ್ರ್ಯೂ ಜಾಕ್ಸನ್ನನನ್ನು ವೀರನನ್ನಾಗಿ ಮಾಡಿ 1828ರಲ್ಲಿ ಅಧ್ಯಕ್ಷನ ಕುರ್ಚಿಗೆ ಒಯ್ದಿತು.

ಕಡೆಯ ಆಕ್ಷೇಪ ಚಿಕ್ಕದು, ಆದರೆ ಚುಚ್ಚಿದ್ದು ಇದೇ. "ಹೋಟೆಲಿನ ಇಡ್ಲಿ ಸಾಂಬಾರು ತಂದು ಇತಿಹಾಸ ಎನ್ನುತ್ತೀರಿ."

ತಂದದ್ದು ನಿಜ. ಬರ್ಮಾ ಜಪಾನಿಗರ ಕೈಸೇರಿ ಅಕ್ಕಿ ಸಿಗದಾದಾಗ ತಮ್ಮಲ್ಲಿ ರವೆ ಇಡ್ಲಿ ಹುಟ್ಟಿತು ಎಂದು ಬೆಂಗಳೂರಿನ ಎಂಟಿಆರ್‌ನವರು ಹೇಳುವುದನ್ನು ಉದಾಹರಿಸಿದೆ. ಮಾಟುಂಗದ ರಾಮ ನಾಯಕರ ಊಟದ ಮನೆ ಶುರುವಾದದ್ದೂ ಅದೇ ಯುದ್ಧದ ನಡುವೆ, 1942ರಲ್ಲಿ, ಎಂದೆ. ಅಪ್ಪನ ಕಥೆಯನ್ನೂ ಹೇಳಿದೆ. ಚೆಂಬೂರು ಸ್ಟೇಷನ್ನಿನ ಹತ್ತಿರದ ಹೋಟೆಲೊಂದರಲ್ಲಿ ಅವರು ಗಲ್ಲೆಯಲ್ಲಿ ಕೂರುತ್ತಿದ್ದರು. 1965ರ ಯುದ್ಧಕ್ಕೆ ಅಮೆರಿಕ ನೆರವು ನಿಲ್ಲಿಸಿತ್ತು. ಅದರ ಪಿಎಲ್ 480 ಆಹಾರ ಯೋಜನೆಯ ಗೋಧಿ ಮಾತ್ರ ಹಡಗು ಹಡಗಾಗಿ, ಅಧ್ಯಕ್ಷ ಜಾನ್ಸನ್ನನ ಮರ್ಜಿ ನೋಡಿ ಬರುತ್ತಿತ್ತು. ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ಶಾಸ್ತ್ರಿಯವರು ಕೇಳಿಕೊಂಡಾಗ ಹೋಟೆಲುಗಳು ಸೋಮವಾರ ಸಂಜೆ ಬಾಗಿಲು ಹಾಕಿದವು. ಹುಡುಗರಿಗೆ ರಜೆ. ಅಪ್ಪ ಮಾತ್ರ ಅರ್ಧ ಎಳೆದ ಶಟರಿನೊಳಗೆ ಕೂತು ವಾರದ ಲೆಕ್ಕ ಬರೆಯುತ್ತಿದ್ದರಂತೆ. ಆ ಕಟ್ಟಿನ ಒಂದು ಪುಸ್ತಕ ನನ್ನ ಹತ್ತಿರ ಇದೆ. ಉಳಿದ ದಿನಗಳೆದುರು ಇಡ್ಲಿ, ಚಹಾ, ಹಾಲು, ಸಕ್ಕರೆ, ಅಂಕಿಗಳು ಒತ್ತೊತ್ತಾಗಿವೆ. ಸೋಮವಾರ ಸಂಜೆಯ ಸಾಲಿನಲ್ಲಿ ಅಪ್ಪನ ದುಂಡನೆಯ ಕೈಬರಹದಲ್ಲಿ ಒಂದೇ ಪದ: 'ಶಾಸ್ತ್ರಿ'. ಜಮೆಯ ಕಾಲಂನಲ್ಲಿ ಸೊನ್ನೆ.

ಆಕ್ಷೇಪಿಸಿದವರು ಯಾವ ಭಾನುವಾರವಾದರೂ ಮನೆಗೆ ಬನ್ನಿ, ಪುಸ್ತಕ ತೋರಿಸುತ್ತೇನೆ. ಬರುವಾಗ ಕ್ಯಾಂಪ್ ದಾರಿಯಾಗಿ ಬನ್ನಿ, ದಾಲ್ ಪಕ್ವಾನ್ ನನ್ನ ಲೆಕ್ಕಕ್ಕೆ.